ಗಡಸು ನೀರಿನ ಊರಿನಲ್ಲಿ ಮೆದು ನೀರಿನ ಮೀನು

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಲಬುರಗಿಯ ಬೀದಿಗಳಲ್ಲಿ ನಾಯಿಗಳೂ ತಿರುಗಾಡುವುದಿಲ್ಲ. ಉಷ್ಣಮಾಪಕ 43, 44 ಡಿಗ್ರಿ ತೋರಿಸುವ ಹೊತ್ತು ಅದು. ಅಂಗಡಿಗಳ ಮುಂದೆ ತಟ್ಟು ಇಳಿಬಿಟ್ಟಿರುತ್ತಾರೆ. ಮನೆಮನೆಯ ಕಿಟಕಿಯಲ್ಲಿ ಕೂಲರುಗಳು ಸದ್ದು ಮಾಡುತ್ತಿರುತ್ತವೆ. ಶಹಾಬಜಾರದ ಒಂದು ಹಳೆಯ ಮನೆಯಲ್ಲಿ ಮಾತ್ರ ಕೂಲರಿನ ಮುಖ ಮಂಚದ ಕಡೆಗಿಲ್ಲ, ಮೂಲೆಯಲ್ಲಿರುವ ಗಾಜಿನ ತೊಟ್ಟಿಯ ಕಡೆಗಿದೆ. ಮನೆಯ ಯಜಮಾನರು ನಿವೃತ್ತ ಅಂಚೆ ನೌಕರರು. ಬನಿಯನ್ನು ತೊಟ್ಟು, ಕೈಯಲ್ಲಿ ಬೀಸಣಿಗೆ ಹಿಡಿದು, ಅರ್ಧ ಗಂಟೆಗೊಮ್ಮೆ ಎದ್ದು ತೊಟ್ಟಿಯ ನೀರಿನ ಉಷ್ಣತೆ ನೋಡುತ್ತಾರೆ. ತಮಗೆ ಬೆವರು ಇಳಿಯುತ್ತಿರುವುದು ಅವರ ಗಮನದಲ್ಲಿಲ್ಲ.

ತೊಟ್ಟಿಯಲ್ಲಿರುವುದು ಹೆಬ್ಬೆರಳಿನಷ್ಟು ಉದ್ದದ ಮೀನು. ಗಂಡಿನ ಬೆನ್ನ ಮೇಲಿನ ರೆಕ್ಕೆಯ ಮುಂದಿನ ಕಡ್ಡಿಗಳು ಹುಂಜದ ಜುಟ್ಟಿನಂತೆ ಎದ್ದು ನಿಂತಿವೆ, ಬಾಲದಲ್ಲಿ ಕಿತ್ತಳೆ ಬಣ್ಣದ ಮಚ್ಚೆಗಳಿವೆ. ಅಪಿಸ್ಟೋಗ್ರಾಮ ಕಕಟುಆಯ್ಡಿಸ್ ಎಂಬುದು ಅದರ ಶಾಸ್ತ್ರೀಯ ನಾಮ. ಕಕಟೂ ಎಂಬ ಜುಟ್ಟಿನ ಗಿಳಿಯ ನೆನಪಿನಿಂದ ಬಂದ ಹೆಸರು. ಅದರ ತವರು ಅಮೆಜಾನ್ ನದಿಯ ಮೇಲ್ಭಾಗ, ಪೆರು ದೇಶದ ಕಡೆ. ಹಸಿರು ಕಾಡಿನ ನಡುವೆ, ಕೊಳೆತ ಎಲೆಗಳ ಹಾಸಿಗೆಯ ಮೇಲೆ ಹರಿಯುವ ತೊರೆಗಳಲ್ಲಿ ವಾಸ. ಅಂಥದ್ದು ಕಲಬುರಗಿಯ ಬೇಸಿಗೆಗೆ ಬಂದು ಬಿದ್ದಿದೆ.

ಸಿಕ್ಲಿಡ್ ಎಂದರೆ ಯಾವ ಮೀನು ಎಂದು ಓದುಗರು ಕೇಳಬಹುದು. ಹೆಸರು ಹೊಸದಾದರೂ ಬಳಗ ಅಪರಿಚಿತವಲ್ಲ. ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುವ ತಿಲಾಪಿಯ ಮೀನು ಇದೇ ಕುಟುಂಬದ್ದು. ಆಫ್ರಿಕ ಮೂಲದ ಈ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಕೇರಳದವರು ಬಾಳೆಎಲೆಯಲ್ಲಿ ಸುತ್ತಿ ಸುಡುವ ಕರಿಮೀನು ಕೂಡ ಸಿಕ್ಲಿಡ್. ಪ್ರಪಂಚದಲ್ಲಿ 1,700ಕ್ಕೂ ಹೆಚ್ಚು ಜಾತಿಗಳಿರುವ ಈ ದೊಡ್ಡ ಕುಟುಂಬದಲ್ಲಿ ಬೆರಳುದ್ದ ಮೀರದ ಕೆಲವು ಬಗೆಗಳಿಗೆ ಹವ್ಯಾಸಿಗಳು ಕುಬ್ಜ ಸಿಕ್ಲಿಡ್ ಎನ್ನುತ್ತಾರೆ. ಗೋಲ್ಡ್‌ಫಿಶ್ ಮೊಟ್ಟೆಯಿಟ್ಟು ಮರೆತುಬಿಡುತ್ತದೆ. ಸಾಲದ್ದಕ್ಕೆ ಸಿಕ್ಕರೆ ತಿಂದೂ ಬಿಡುತ್ತದೆ. ಸಿಕ್ಲಿಡ್‌ಗಳು ಹಾಗಲ್ಲ. ಜಾಗ ಹುಡುಕಿ, ಗುಡಿಸಿ, ಮೊಟ್ಟೆಯಿಟ್ಟು, ಕಾವಲು ನಿಂತು, ಮರಿಗಳನ್ನು ಕೋಳಿಯಂತೆ ಹಿಂದೆ ಮುಂದೆ ಕರೆದುಕೊಂಡು ತಿರುಗುತ್ತವೆ. ಈ ಸಂಸಾರವನ್ನು ಒಮ್ಮೆ ನೋಡಿದವರಿಗೆ ಬೇರೆ ಮೀನು ರುಚಿಸುವುದಿಲ್ಲ. ಅಂಚೆ ನೌಕರರಿಗೂ ಆದದ್ದು ಅದೇ.

ಆದರೆ ಊರು ಯಾವುದು? ಕಲಬುರಗಿ. ಕಲ್ಲಿನ ನೆಲ ಎಂದೇ ಈ ಹೆಸರಿಗೆ ಅರ್ಥ ಹೇಳುವವರಿದ್ದಾರೆ. 2014ರ ನವೆಂಬರ್ 1ರಂದು ಗುಲಬರ್ಗಾ ಮತ್ತೆ ಕಲಬುರಗಿಯಾದಾಗ ಕಲ್ಲು ಹೆಸರಿಗೂ ಮರಳಿತು ಎಂದು ತಮಾಷೆ ಮಾಡಿದವರೂ ಇದ್ದರು. ಬಹಮನಿ ಸುಲ್ತಾನರ ಕೋಟೆ, 1367ರ ಜಾಮಿ ಮಸೀದಿ, ಹಫ್ತ್ ಗುಂಬಜ್ ನೋಡಿದವರು ಇಲ್ಲಿಯ ಕಲ್ಲನ್ನು ನೋಡಿರುತ್ತಾರೆ. ಮನೆಯ ನೆಲಕ್ಕೆ ಹಾಸುವ ಶಹಾಬಾದಿನ ಫರಶಿ ದೇಶದ ತುಂಬ ಹೋಗಿದೆ. ಈ ಫರಶಿ ಸುಣ್ಣದ ಕಲ್ಲು. ಶಾಲೆಯ ಪ್ರಯೋಗಶಾಲೆಯಲ್ಲಿ ಅದರ ಚೂರಿನ ಮೇಲೆ ಎರಡು ತೊಟ್ಟು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬುಸ್ಸೆಂದು ನೊರೆ ಏಳುತ್ತದೆ. ಹೊರಬರುವುದು ಇಂಗಾಲದ ಡೈಆಕ್ಸೈಡ್. ಜೇವರ್ಗಿ, ಚಿತ್ತಾಪುರ, ಸೇಡಂ ಕಡೆಯ ಮಕ್ಕಳಿಗೆ ಈ ಪ್ರಯೋಗಕ್ಕೆ ಸಾಮಗ್ರಿ ಹುಡುಕುವ ತೊಂದರೆಯೇ ಇಲ್ಲ, ಮನೆಯ ಅಂಗಳದ ಚೂರು ಸಾಕು. ಇಂಥ ನೆಲದಲ್ಲಿ ಇಳಿದು ಬಂದ ಬೋರಿನ ನೀರು ಗಡಸು. ಹಂಡೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ, ಸಾಬೂನು ನೊರೆಯಾಗುವುದಿಲ್ಲ, ತೊಗರಿಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ತೊಗರಿಯ ಕಣಜ ಎನಿಸಿದ ಊರಿನಲ್ಲಿ ಬೇಳೆ ಬೇಯದ ನೀರು ಇರುವುದು ವಿಚಿತ್ರವೇ ಸರಿ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಒಳ್ಳೆಯದೆಂದೂ, ಬೇರೆ ಮೂಲವೇ ಇಲ್ಲದಾಗ 600ರವರೆಗೆ ನಡೆಯುತ್ತದೆಂದೂ ಭಾರತೀಯ ಮಾನಕ ಹೇಳುತ್ತದೆ. ಮನುಷ್ಯರಿಗೆ ಈ ರಿಯಾಯಿತಿ ಇದೆ. ಅಮೆಜಾನಿನ ಮೀನಿನ ಮೊಟ್ಟೆಗೆ ಇಲ್ಲ.

ಅಂಚೆ ನೌಕರರು ಇದನ್ನು ಕಲಿತದ್ದು ಪುಸ್ತಕದಿಂದಲ್ಲ, ನಷ್ಟದಿಂದ. ಅವರು ಮೊದಲು ಸಾಕಿದ್ದು ರಾಮಿರೆಜಿ ಎಂಬ ನೀಲಿ ಚುಕ್ಕೆಯ ಕುಬ್ಜ ಸಿಕ್ಲಿಡ್. ವೆನೆಜುವೆಲ ಮತ್ತು ಕೊಲಂಬಿಯದ ಬಯಲುಸೀಮೆಯ ಮೀನು ಇದು. 1948ರಲ್ಲಿ ಮೈಯರ್ಸ್ ಮತ್ತು ಹ್ಯಾರಿ ಎಂಬ ವಿಜ್ಞಾನಿಗಳು ಇದನ್ನು ವರ್ಣಿಸಿ, ಹಿಡಿದು ತಂದ ರಾಮಿರೆಜ್ ಎಂಬವರ ಹೆಸರಿಟ್ಟರು. ಚೆನ್ನೈನ ಕೊಳತ್ತೂರಿನಲ್ಲಿ ಬಣ್ಣದ ಮೀನು ಬೆಳೆಸುವವರ ದೊಡ್ಡ ಪೇಟೆಯೇ ಇದೆ. ಚೆನ್ನೈ–ಮುಂಬೈ ರೈಲು ಮಾರ್ಗ ಕಲಬುರಗಿಯ ಮೇಲೆಯೇ ಹೋಗುವುದರಿಂದ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಥರ್ಮೊಕೋಲ್ ಪೆಟ್ಟಿಗೆಯೊಳಗೆ ಒಂದು ರಾತ್ರಿ ಕಳೆದು ಮೂರು ಜೋಡಿ ಬಂದಿಳಿದವು. 27ರಿಂದ 30 ಡಿಗ್ರಿ ಬೆಚ್ಚಗಿನ ನೀರು ಬಯಸುವ ಮೀನಾದ್ದರಿಂದ ಕಲಬುರಗಿಯ ಸೆಕೆ ಅದಕ್ಕೆ ಒಗ್ಗುತ್ತದೆ ಎಂಬ ಲೆಕ್ಕಾಚಾರ. ಲೆಕ್ಕ ಅರ್ಧ ಸರಿಯಾಯಿತು. ಮೀನು ಬದುಕಿದವು, ಬಣ್ಣ ಬಂದವು, ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆಯನ್ನೂ ಇಟ್ಟವು. ಮರುದಿನ ಬೆಳಗಿಗೆ ಅರ್ಧ ಮೊಟ್ಟೆ ಬೆಳ್ಳಗೆ. ಮೂರನೆಯ ದಿನಕ್ಕೆ ಹತ್ತಿಯಂತೆ ಬೂಜು. ಹೀಗೆ ಒಂದಲ್ಲ, ಎಂಟು ಹತ್ತು ಸಲ.

ಆ ಚಪ್ಪಟೆ ಕಲ್ಲು ಫರಶಿಯ ಚೂರಾಗಿತ್ತು ಎಂಬುದು ಆಮೇಲೆ ಹೊಳೆದ ಮಾತು. ಗಡಸು ನೀರನ್ನು ಮತ್ತಷ್ಟು ಗಡಸು ಮಾಡುವ ಕಲ್ಲನ್ನು ತಾವೇ ಕೈಯಾರೆ ತೊಟ್ಟಿಗೆ ಇಳಿಸಿದ್ದರು! ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು, ಬೇಸಿಗೆಯ ಊರುಗಳಲ್ಲಿ ಮೀನು ಸಾಕುವವರೆಲ್ಲ ಮಾಡುವಂಥದು. ಕೂಲರಿನ ಗಾಳಿ ತಗಲಿದಾಗ ತೊಟ್ಟಿಯ ನೀರು ಆವಿಯಾಗುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಹಾಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಒಳ್ಳೆಯದೇ. ಆದರೆ ಆವಿಯಾಗಿ ಹೋಗುವುದು ಬರಿಯ ನೀರು, ಸುಣ್ಣದ ಅಂಶ ಅಲ್ಲೇ ಉಳಿಯುತ್ತದೆ. ಇಳಿದ ಮಟ್ಟವನ್ನು ತುಂಬಲು ಮತ್ತೆ ಬೋರಿನ ನೀರು ಸುರಿದರೆ ಅದರ ಸುಣ್ಣವೂ ಸೇರುತ್ತದೆ. ಮಾರ್ಚ್‌ನಲ್ಲಿ ಇದ್ದ ನೀರು ಮೇ ತಿಂಗಳಲ್ಲಿ ಅದೇ ನೀರಲ್ಲ. ನೋಡಲು ಮಾತ್ರ ತಿಳಿಯಾಗಿಯೇ ಇರುತ್ತದೆ.

ಮೆದು ನೀರಿನ ಮೀನಿನ ಮೊಟ್ಟೆ ಗಡಸು ನೀರಿನಲ್ಲಿ ಯಾಕೆ ಕೆಡುತ್ತದೆ? ಮೊಟ್ಟೆಯ ಹೊರಪೊರೆ, ಒಳಗೆ ಸೇರುವ ನೀರು, ಲವಣಗಳ ಸಮತೋಲ ಇವೆಲ್ಲ ಆ ಜಾತಿ ಸಾವಿರಾರು ತಲೆಮಾರು ಬದುಕಿದ ನೀರಿಗೆ ಹೊಂದಿಕೊಂಡಿರುತ್ತವೆ. ಅಮೆಜಾನಿನ ತೊರೆಗಳ ನೀರಿನಲ್ಲಿ ಲವಣವೇ ಇಲ್ಲವೆನ್ನುವಷ್ಟು ಕಡಿಮೆ; ಕೊಳೆತ ಎಲೆಗಳ ಟ್ಯಾನಿನ್‌ನಿಂದ ಅದು ಚಹಾದ ಬಣ್ಣಕ್ಕೆ ತಿರುಗಿ ತುಸು ಹುಳಿಯಾಗಿಯೂ ಇರುತ್ತದೆ. ಅಂಥ ನೀರಿನಲ್ಲಿ ಸೂಕ್ಷ್ಮಾಣುಗಳ ಕಾಟವೂ ಕಡಿಮೆ. ಕಲಬುರಗಿಯ ನೀರು ಎಲ್ಲ ರೀತಿಯಿಂದಲೂ ಇದಕ್ಕೆ ವಿರುದ್ಧ. ತಾಯಿ ತಂದೆ ಹೇಗೋ ಸಹಿಸಿಕೊಳ್ಳುತ್ತವೆ, ಮೊಟ್ಟೆ ಸಹಿಸದು.

ಊರಿನ ನೀರಿಗೆ ತಕ್ಕ ಮೀನು ಸಾಕಿದರಾಯಿತಲ್ಲ ಎಂದು ಬಲ್ಲವರು ಹೇಳಿದರು. ಬುದ್ಧಿವಂತಿಕೆಯ ಮಾತು ಅದು. ಆಫ್ರಿಕದ ಟಾಂಗನಿಕ ಸರೋವರದ ನೀರು ಗಡಸು, ಅದರ ಪಿಎಚ್ 9ರ ಸಮೀಪ. ಅಲ್ಲಿಯ ಮಲ್ಟಿಫ್ಯಾಸಿಯಾಟಸ್ ಎಂಬ ಪಟ್ಟೆಪಟ್ಟೆಯ ಸಿಕ್ಲಿಡ್ ಎರಡು ಅಂಗುಲವನ್ನೂ ಮುಟ್ಟುವುದಿಲ್ಲ, ಸತ್ತ ಬಸವನಹುಳದ ಚಿಪ್ಪಿನೊಳಗೆ ಮನೆ ಮಾಡಿ ಅಲ್ಲೇ ಮೊಟ್ಟೆ ಇಡುತ್ತದೆ. ಕೆರೆ ಹಳ್ಳಗಳ ಅಂಚಿನಲ್ಲಿ ಸಿಗುವ ದೊಡ್ಡ ಬಸವನಹುಳದ ಖಾಲಿ ಚಿಪ್ಪು ಅದಕ್ಕೆ ಸಾಕು. ನೈಜೀರಿಯ ಕಡೆಯ ಕ್ರಿಬೆನ್ಸಿಸ್ ಕೂಡ ಗಡಸು ನೀರಿಗೆ ಅಷ್ಟಾಗಿ ಮುನಿಯುವುದಿಲ್ಲ; ತೆಂಗಿನ ಪರಟಿಯನ್ನು ಬೋರಲು ಹಾಕಿ ಅಂಚಿಗೆ ಒಂದು ಕಿಂಡಿ ಕೊರೆದರೆ ಅದೇ ಅದರ ಹೆರಿಗೆ ಕೋಣೆ. ಅಂಚೆ ನೌಕರರು ಎರಡನ್ನೂ ಸಾಕಿ ಮರಿ ಮಾಡಿಸಿದರು. ಆದರೂ ಮನಸ್ಸು ಅಮೆಜಾನ್ ಬಿಟ್ಟು ಬರಲಿಲ್ಲ. ಹವ್ಯಾಸ ಎನ್ನುವುದು ಬುದ್ಧಿವಂತಿಕೆಯ ಮಾತು ಕೇಳಿದ್ದರೆ ಅದಕ್ಕೆ ಆ ಹೆಸರು ಇರುತ್ತಿರಲಿಲ್ಲ.

ಕಡೆಗೆ ಉಳಿದದ್ದು ಒಂದೇ ದಾರಿ, ಮಳೆ ನೀರು.

ಕಲಬುರಗಿ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹತ್ತಡಿ ಉದ್ದ ಹತ್ತಡಿ ಅಗಲದ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ನೀರು ಸಿಗುತ್ತದೆ ಎಂಬುದು ಎಂಟನೆಯ ತರಗತಿಯ ಲೆಕ್ಕ. ಉತ್ತರ ಸುಮಾರು 93 ಲೀಟರ್. ಮೊದಲ ಎರಡು ಮಳೆಯಲ್ಲಿ ಛಾವಣಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ತೊಳೆದು ಹೋಗಲು ಬಿಟ್ಟು, ಮೂರನೆಯ ಮಳೆಯಿಂದ ಡ್ರಮ್ಮು ತುಂಬಿಸಬೇಕು. ಬಟ್ಟೆಯಲ್ಲಿ ಸೋಸಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮೂರು ಪಾಲು ಮಳೆ ನೀರಿಗೆ ಒಂದು ಪಾಲು ನಲ್ಲಿಯ ನೀರು ಬೆರೆಸಿದರೆ ಕಕಟುಆಯ್ಡಿಸ್‌ಗೆ ಒಪ್ಪುತ್ತದೆ. ಅಪಿಸ್ಟೋಗ್ರಾಮಗಳಲ್ಲಿ ಇದು ಅಷ್ಟು ಮಡಿವಂತ ಮೀನಲ್ಲ. ರಾಮಿರೆಜಿಯನ್ನು ಬಿಟ್ಟು ಅವರು ಇದನ್ನು ಹಿಡಿದದ್ದು ಅದಕ್ಕೇ. ಶುದ್ಧ ಮಳೆ ನೀರನ್ನೇ ಸುರಿಯುವುದು ಸಲ್ಲ. ಲವಣದ ಆಸರೆ ಕೊಂಚವೂ ಇಲ್ಲದ ನೀರಿನಲ್ಲಿ ಪಿಎಚ್ ಒಂದೇ ರಾತ್ರಿಯಲ್ಲಿ ಕುಸಿಯಬಹುದು.

ಲೆಕ್ಕ ಸುಲಭ, ಮನೆಯಲ್ಲಿ ಒಪ್ಪಿಸುವುದು ಕಷ್ಟ. ಬೇಸಿಗೆಯಲ್ಲಿ ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳಿರುವ ಊರು ಇದು. ಭೀಮೆ ಬತ್ತಿದರೆ ಬೀದಿಯಲ್ಲಿ ಕೊಡಗಳ ಸಾಲು. ಮನೆಯ ಹಿತ್ತಲಲ್ಲಿ ನಾಲ್ಕು ಡ್ರಮ್ಮು ಮಳೆ ನೀರು ತುಂಬಿ ನಿಂತಿರುವಾಗ, ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತು ಕೇಳಿಯೇಬಿಟ್ಟರು: “ಇಲ್ಲಿ ಮಂದಿಗೇ ಕುಡಿಲಾಕ ನೀರಿಲ್ಲ, ನಿಮ್ಮ ಮೀನಿಗಿ ಮಳಿ ನೀರೇ ಬೇಕೇನ್ರಿ?” ಅಂಚೆ ನೌಕರರ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ಎರಡು ಡ್ರಮ್ಮು ಮನೆಗೆ, ಎರಡು ಮೀನಿಗೆ ಎಂದಾಯಿತು. ಬೇಳೆ ಬೇಯಿಸಲು ಮಳೆ ನೀರು ಎಷ್ಟು ಒಳ್ಳೆಯದೆಂದು ಗೊತ್ತಾದ ಮೇಲೆ ಅಜ್ಜಿಯೂ ಒಂದು ಬಿಂದಿಗೆ ಒಯ್ಯತೊಡಗಿದರು. ತೊಟ್ಟಿಯಿಂದ ವಾರಕ್ಕೊಮ್ಮೆ ತೆಗೆದ ನೀರು ಪಾರಿಜಾತದ ಬುಡಕ್ಕೆ ಹೋಗುತ್ತದೆ; ಮೀನಿನ ಹೊಲಸು ಗಿಡಕ್ಕೆ ಗೊಬ್ಬರವೇ.

ಕೆಂಪು ಬಾಳೆಯ ಊರು

ಈ ಕಥೆಗೆ ಕಮಲಾಪುರ ಸೇರಿಕೊಂಡದ್ದು ಸಂಬಂಧದ ಮೂಲಕ. ಅಂಚೆ ನೌಕರರ ಪತ್ನಿಯ ತವರು ಅದು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್. ಈಗ ತಾಲ್ಲೂಕು ಕೇಂದ್ರ; 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡ ಮೇಲೆ ರೈಲು ಕೂಡ ಇದೆ. ಆದರೆ ಊರು ನೋಡಬೇಕೆನ್ನುವವರು ಬಸ್ಸಿನ ಕಿಟಕಿಯ ಪಕ್ಕ ಕುಳಿತು ಹೋಗುವುದೇ ಲೇಸು. ಮಹಾಗಾಂವ ಕ್ರಾಸಿನವರೆಗೆ ಎರಡೂ ಬದಿಗೆ ಎರೆಭೂಮಿ, ತೊಗರಿ, ಜೋಳ. ಆಮೇಲೆ ನೆಲ ಏರುತ್ತ ಇಳಿಯುತ್ತ, ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಕಮಲಾಪುರದ ಸುತ್ತಲಿನ ತೋಟಗಳಿಗೆ ಬಂದಾಗ ಕಣ್ಣು ತಂಪಾಗುತ್ತದೆ. ಕಂಕಿಯ ಬಣ್ಣದ ಬಯಲು ದಾಟಿ ಬಂದವನಿಗೆ ಬಾಳೆಯ ಹಸಿರು ಎಷ್ಟು ಹಸಿರು ಎಂಬುದು ಅಲ್ಲಿ ನಿಂತೇ ತಿಳಿಯಬೇಕು.

ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ, ಗಾತ್ರ ಗಿಡ್ಡ, ಹೊಟ್ಟೆ ತುಂಬಿಸುವ ಹಣ್ಣು. ಬೇರೆ ತಳಿಗಳಿಗಿಂತ ಗೊನೆ ಬಿಡಲು ಹೆಚ್ಚು ತಿಂಗಳು ತೆಗೆದುಕೊಳ್ಳುತ್ತದೆ, ನೀರೂ ಗೊಬ್ಬರವೂ ಹೆಚ್ಚು ಕೇಳುತ್ತದೆ. ಅದಕ್ಕೇ ದರವೂ ಹೆಚ್ಚು, ಬೆಳೆಯುವವರ ಚಿಂತೆಯೂ ಹೆಚ್ಚು.

ಮೀನು ಸಾಕುವವನಿಗೆ ಬಾಳೆಯ ತೋಟ ಒಂದು ಅಂಗಡಿಯಿದ್ದಂತೆ. ಗಿಡದಲ್ಲೇ ಒಣಗಿ ಜೋತ ಎಲೆಯನ್ನು ಕೊಯ್ದು, ತೊಳೆದು, ತುಂಡು ಮಾಡಿ ತೊಟ್ಟಿಯ ತಳಕ್ಕೆ ಹಾಸಿದರೆ ಅಪಿಸ್ಟೋಗ್ರಾಮದ ತವರಿನ ಎಲೆ ಹಾಸಿಗೆಯೇ ಬಂದಂತಾಯಿತು. ನೀರಿಗೆ ನಸು ಕಂದು ಬಣ್ಣ ಬರುತ್ತದೆ. ಎಲೆಯ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಜೀವಿಗಳನ್ನು ಮರಿಗಳು ಮೇಯುತ್ತವೆ. ಬಾದಾಮಿ ಮರದ ಒಣಗಿದೆಲೆಯೂ ಇದೇ ಕೆಲಸಕ್ಕೆ ಬರುತ್ತದೆ. ತೋಟ ನೋಡಿಕೊಳ್ಳುವ ಭಾವಮೈದುನ ಮೊದಲ ದಿನವೇ ಎಚ್ಚರಿಸಿದ: “ಮಾಮಾ, ಆ ಕಡಿ ಸಾಲಿಂದು ಒಯ್ಯಬ್ಯಾಡ್ರಿ, ಅಲ್ಲಿ ಔಷಧ ಹೊಡದೀವಿ. ಬಾವಿ ಕಡಿಂದು ಒಯ್ರಿ.” ಈ ಒಂದು ಮಾತು ಎಷ್ಟು ಮರಿಗಳ ಜೀವ ಉಳಿಸಿತೋ. ಕೀಟನಾಶಕದ ಲೇಪ ಇರುವ ಒಂದೇ ಎಲೆ ಇಡೀ ತೊಟ್ಟಿಯನ್ನು ಮುಗಿಸಬಲ್ಲದು.

ಹಣ್ಣಿನ ಸಿಪ್ಪೆಯೂ ವ್ಯರ್ಥವಲ್ಲ. ಮೊಟ್ಟೆಯೊಡೆದು ಈಜತೊಡಗಿದ ಮರಿ ಸೂಜಿಯ ತುದಿಯಷ್ಟಿರುತ್ತದೆ. ಅದರ ಬಾಯಿಗೆ ಹಿಡಿಸುವ ಆಹಾರ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಗಾಜಿನ ಭರಣಿಯಲ್ಲಿ ತೊಟ್ಟಿಯ ಹಳೆಯ ನೀರು ತುಂಬಿ, ಬಾಳೆಹಣ್ಣಿನ ಸಿಪ್ಪೆಯ ಒಂದು ತುಂಡು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಬೆಳಕಿರುವಲ್ಲಿ ಇಡಬೇಕು. ಎರಡು ಮೂರು ದಿನದಲ್ಲಿ ನೀರು ಹಾಲಿನಂತೆ ಮಸಕಾಗುತ್ತದೆ, ವಾಸನೆಯೂ ಬರುತ್ತದೆ. ಅದು ಸೂಕ್ಷ್ಮಾಣು ಹೆಚ್ಚಿದ ಗುರುತು. ಆಮೇಲೆ ಅವನ್ನು ತಿನ್ನುವ ಪ್ಯಾರಮೀಸಿಯಂ ಮೊದಲಾದ ಏಕಕೋಶ ಜೀವಿಗಳು ಹೆಚ್ಚಿ, ನೀರು ಮತ್ತೆ ತಿಳಿಯಾಗುತ್ತದೆ. ತಿಳಿಯಾದಾಗಲೇ ಮರಿಗಳಿಗೆ ಹಾಕುವ ಹೊತ್ತು, ಮಸಕಾಗಿದ್ದಾಗ ಅಲ್ಲ. ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಪ್ಯಾರಮೀಸಿಯಂ ಚಿತ್ರ ಬಿಡಿಸಿ ಐದು ಅಂಕ ತೆಗೆದುಕೊಂಡವರು ಲಕ್ಷಾಂತರ ಜನ. ಅದನ್ನು ಬೆಳೆಸಿ ಯಾರದೋ ಹೊಟ್ಟೆ ತುಂಬಿಸಿದವರು ವಿರಳ.

ಮಳೆ ನೀರು, ಬಾಳೆ ಎಲೆ, ಕುಂಬಾರರ ಓಣಿಯಿಂದ ತಂದ ಒಂದು ಚಿಕ್ಕ ಗಡಿಗೆ. ಗಡಿಗೆಯನ್ನು ಅಡ್ಡ ಮಲಗಿಸಿದ ಮರುವಾರ ಹೆಣ್ಣು ಬಣ್ಣ ಬದಲಿಸಿತು. ಅಲ್ಲಿಯವರೆಗೆ ಬೂದು ಬಣ್ಣದಲ್ಲಿ ಅಡಗಿ ತಿರುಗುತ್ತಿದ್ದ ಬಡಪಾಯಿ ಅರಿಸಿನ ಮೆತ್ತಿದಂತೆ ಹಳದಿಯಾಗಿ, ಮೈಮೇಲೆ ಕಾಡಿಗೆಯ ಗುರುತು ಎಳೆದುಕೊಂಡು, ತನ್ನ ಎರಡರಷ್ಟಿರುವ ಗಂಡನ್ನು ಮೂಲೆಗೆ ಅಟ್ಟಿತು. ಮೊಟ್ಟೆ ಗಡಿಗೆಯ ಒಳಮೇಲ್ಭಾಗಕ್ಕೆ ಅಂಟಿದ್ದವು. ಮೂರು ದಿನಕ್ಕೆ ಒಡೆದವು, ಮತ್ತೈದು ದಿನಕ್ಕೆ ಮರಿ ಈಜಿದವು. ಬಿಳಿಯಾದ ಮೊಟ್ಟೆ ಬೆರಳೆಣಿಕೆಯಷ್ಟು. ಆ ದಿನ ಶಹಾಬಜಾರದ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಮೀನಿನ ಸಲುವಾಗಿ ಅಲ್ಲ, ಹುಣ್ಣಿಮೆ ಇತ್ತು ಎಂದು ಮನೆಯಾಕೆ ಹೇಳುತ್ತಾರೆ.

ಎಲ್ಲವೂ ಗಂಡು

ಮರಿಗಳು ನಾಲ್ಕು ತಿಂಗಳಲ್ಲಿ ಬಲಿತಾಗ ಹೊಸ ತಲೆನೋವು. ಒಂದಾದ ಮೇಲೊಂದು ಜುಟ್ಟು ಬಿಟ್ಟವು. ಹೆಣ್ಣು ಒಂದೋ ಎರಡೋ, ಅವೂ ಬದುಕಲಿಲ್ಲ. ಮುಂದಿನ ಮಳೆಗಾಲದ ಸೂಲೂ ಹೀಗೇ. ಅಷ್ಟರಲ್ಲಿ ಮೊದಲಿನ ತಾಯಿಗೆ ವಯಸ್ಸಾಗಿತ್ತು. ಹೆಣ್ಣು ಸಿಗದಿದ್ದರೆ ನಾಲ್ಕು ವರ್ಷದ ಪರಿಶ್ರಮ ಅಲ್ಲಿಗೆ ಮುಗಿದಂತೆ. ಮತ್ತೆ ಚೆನ್ನೈಗೆ ಹಣ ಕಳಿಸಿ, ಮತ್ತೆ ರೈಲು, ಮತ್ತೆ ಮೊದಲಿನಿಂದ. ಹವ್ಯಾಸ ಬಿಟ್ಟುಬಿಡುವ ಮಾತೂ ಮನೆಯಲ್ಲಿ ಆಯಿತು.

ಕಾರಣ ಹುಡುಕಿದವರು ಜರ್ಮನಿಯ ರೋಮರ್ ಮತ್ತು ಬೈಸನ್‌ಹೆರ್ಟ್ಸ್. ಅವರ ಸಂಶೋಧನೆ ಪ್ರಕಟವಾದದ್ದು 1996ರಲ್ಲಿ. ಅಪಿಸ್ಟೋಗ್ರಾಮದ ಮೂವತ್ತಕ್ಕೂ ಹೆಚ್ಚು ಜಾತಿಗಳ ಮರಿಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ, ಬೇರೆ ಬೇರೆ ಪಿಎಚ್‌ನಲ್ಲಿ ಬೆಳೆಸಿ ನೋಡಿದಾಗ, ಹುಟ್ಟಿದ ಮೊದಲ ವಾರಗಳಲ್ಲಿ ನೀರು ಬೆಚ್ಚಗಿದ್ದಷ್ಟೂ ಗಂಡು ಹೆಚ್ಚು, ತಂಪಾಗಿದ್ದಷ್ಟೂ ಹೆಣ್ಣು ಹೆಚ್ಚು ಎಂಬುದು ಕಂಡುಬಂತು. ಮನುಷ್ಯರಲ್ಲಿ ಗಂಡೋ ಹೆಣ್ಣೋ ಎಂಬುದು ತಂದೆಯ ವರ್ಣತಂತುವಿನಿಂದ ಬಸಿರಾದ ಗಳಿಗೆಯಲ್ಲೇ ನಿಶ್ಚಯವಾಗುತ್ತದೆ. ಮೊಸಳೆಯಲ್ಲಿ ಅದನ್ನು ತೀರ್ಮಾನಿಸುವುದು ಗೂಡಿನ ಮರಳಿನ ಬಿಸಿ. ಈ ಪುಟ್ಟ ಮೀನಿನಲ್ಲೂ ಬಿಸಿಯ ಕೈವಾಡ ದೊಡ್ಡದು. ಅವರು ಹೋಲಿಸಿದ ಉಷ್ಣತೆಗಳು 23, 26 ಮತ್ತು 29 ಡಿಗ್ರಿ. ಶಹಾಬಜಾರದ ಕೋಣೆಯ ನೀರು ಮಳೆಗಾಲದಲ್ಲೂ 29ಕ್ಕೆ ಇಳಿಯುವುದು ಅಪರೂಪ. ಕ್ರಿಬೆನ್ಸಿಸ್‌ನಲ್ಲಿ ನೀರಿನ ಹುಳಿಯೂ ಸೇರಿಕೊಂಡಿದೆ. ಹುಳಿ ಹೆಚ್ಚಾದರೆ ಅದರಲ್ಲಿ ಗಂಡು ಹೆಚ್ಚು.

ಮೊಟ್ಟೆಗೆ ಬೇಕಾದ ನೀರು ಆಕಾಶದಿಂದ ಸಿಕ್ಕಿತು, ಹೆಣ್ಣಿಗೆ ಬೇಕಾದ ತಂಪು ಎಲ್ಲಿಂದ ತರುವುದು? ನೀರು ತಣಿಸುವ ಯಂತ್ರ ಪೇಟೆಯಲ್ಲಿದೆ. ನಿವೃತ್ತಿ ವೇತನ ಅದರ ಹತ್ತಿರ ಹೋಗುವುದಿಲ್ಲ. ಅದಿದ್ದರೂ ಕರೆಂಟು ಹೋದರೆ ಏನು ಗತಿ? ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 35ರಲ್ಲಿ 7ಕ್ಕೂ ಒಳಗೆ. ಹಿಂದೊಂದು ಮೇ ತಿಂಗಳ ರಾತ್ರಿ ಏರ್ ಪಂಪು ನಿಂತು ಒಂದು ತೊಟ್ಟಿ ಪೂರಾ ಹೋಗಿತ್ತು. ಆವಾಗಿನಿಂದ ಬ್ಯಾಟರಿಯ ಪಂಪು ತಲೆದಿಂಬಿನ ಹತ್ತಿರವೇ ಇರುತ್ತದೆ.

ಪರಿಹಾರ ಸೂಚಿಸಿದ್ದು ಮನೆಯಾಕೆ. ತವರಿನ ತೋಟದಲ್ಲಿ ಬಾವಿಯ ಮಗ್ಗುಲಿಗೆ, ಬಾಳೆಯ ನೆರಳಿನಲ್ಲಿ, ದನಕ್ಕೆ ನೀರು ಕುಡಿಸಲು ಕಟ್ಟಿದ ಹಳೆಯ ಸಿಮೆಂಟಿನ ತೊಟ್ಟಿಯೊಂದು ಪಾಳು ಬಿದ್ದಿತ್ತು. “ಮರಿಗೋಳ ಒಂದು ತಿಂಗಳ ತವರಿಗಿ ಹೋಗಿ ಬರಲಿ” ಎಂದು ಆಕೆ ನಗುತ್ತ ಅಂದದ್ದನ್ನು ಗಂಡ ಗಂಭೀರವಾಗಿ ತೆಗೆದುಕೊಂಡರು. ಜೂನ್ ಮೊದಲ ಮಳೆಗಳಲ್ಲಿ ತೊಟ್ಟಿ ತೊಳೆದು, ಮಳೆ ನೀರು ತುಂಬಿಸಿ, ಒಣ ಎಲೆ ಹಾಸಿ, ಸಿಪ್ಪೆ ಹಾಕಿ, ಮೇಲೆ ಸೊಳ್ಳೆ ಪರದೆ ಕಟ್ಟಿ ಎರಡು ವಾರ ಬಿಟ್ಟರು. ಹೊಸ ಸಿಮೆಂಟು ಸುಣ್ಣ ಬಿಡುತ್ತದೆ, ಇದು ಹಳೆಯದಾದ್ದರಿಂದ ಅಷ್ಟು ಭಯವಿರಲಿಲ್ಲ. ಪರದೆ ಬೇಕೇ ಬೇಕು. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನೊಳಗೆ ಹುಲಿಯಿದ್ದಂತೆ, ಒಂದು ಹೊಕ್ಕರೆ ಸಾಕು. ಮುಂಜಾನೆ ನೀರು 24, ಮಧ್ಯಾಹ್ನ 26. ಬಾಳೆಯ ಎಲೆ ದಿನವಿಡೀ ಆವಿ ಬಿಡುತ್ತ ತನ್ನ ಕೆಳಗಿನ ಗಾಳಿಯನ್ನು ತಂಪಾಗಿಡುತ್ತದೆ, ದುಡ್ಡು ಕೇಳದ ಕೂಲರು.

ಈಜು ಕಲಿತ ನಾಲ್ಕನೆಯ ದಿನ ಮರಿಗಳು ಸ್ಟೀಲಿನ ಹಾಲಿನ ಕ್ಯಾನಿನಲ್ಲಿ ಸರಕಾರಿ ಬಸ್ಸು ಹತ್ತಿದವು. ಕಂಡಕ್ಟರು ಹಾಲೆಂದು ತಿಳಿದು ಬಾಗಿಲ ಬಳಿ ಇಡಲು ಹೇಳಿದ. ಯಜಮಾನರು ಕೇಳಲಿಲ್ಲ, 35 ಕಿಲೋಮೀಟರೂ ಮಡಿಲಲ್ಲೇ ಇಟ್ಟುಕೊಂಡರು. ಕಮಲಾಪುರದಲ್ಲಿ ಕ್ಯಾನನ್ನು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಲೋಟದಿಂದ ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ, ಒಂದು ಗಂಟೆಯ ನಂತರ ಮರಿಗಳನ್ನು ಬಿಟ್ಟದ್ದಾಯಿತು.

ಭಾವಮೈದುನ ಅಷ್ಟರಲ್ಲಿ ಇನ್ನೊಂದು ಸಲಹೆ ಕೊಟ್ಟಿದ್ದ. ಮನೆಯಲ್ಲಿ ಉಳಿದಿರುವ ಹತ್ತಾರು ಗಂಡುಗಳನ್ನು ಸುಮ್ಮನೆ ಯಾಕೆ ಸಾಕುವುದು, ಗಂಡೋರಿ ನಾಲಾ ಜಲಾಶಯದಲ್ಲಿ ಬಿಟ್ಟರಾಯಿತು, ಬದುಕಿಕೊಳ್ಳುತ್ತವೆ ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಇದೇ ಒಳ್ಳೆಯ ಮನಸ್ಸಿನಿಂದ ತಂದು ಬಿಟ್ಟ ತಿಲಾಪಿಯ ಇಂದು ದೇಶದ ಎಷ್ಟೋ ಕೆರೆ ನದಿಗಳಲ್ಲಿ ನಾಡಮೀನುಗಳ ಜಾಗ ಹಿಡಿದು ಕೂತಿದೆ. ಬೆರಳುದ್ದದ ಅಪಿಸ್ಟೋಗ್ರಾಮ ಅಷ್ಟು ದಾಂಧಲೆ ಮಾಡದಿರಬಹುದು. ಅದರ ಮೈಯಲ್ಲಿರುವ ಪರದೇಶದ ರೋಗಾಣು, ಹುಳುಗಳಿಗೆ ಯಾರು ಹೊಣೆ? ತೊಟ್ಟಿಯ ಮೀನು ತೊಟ್ಟಿಯಲ್ಲೇ ಇರಬೇಕು ಎಂಬ ವಿಷಯದಲ್ಲಿ ಅಂಚೆ ನೌಕರರು ನೆಂಟರ ಮುಲಾಜಿಗೂ ಬಗ್ಗಲಿಲ್ಲ. ಗಂಡುಗಳು ಕೇಳಿದವರ ಮನೆಗೆ ಹೋದವು.

ನಾಡಿಗೂ ತನ್ನವೇ ಆದ ಸಿಕ್ಲಿಡ್‌ಗಳಿವೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಕರಿಮೀನಲ್ಲದೆ ಇನ್ನೆರಡು. ಕರಾವಳಿಯ ಹಿನ್ನೀರುಗಳಲ್ಲಿರುವ ಕಿತ್ತಳೆ ಕ್ರೋಮೈಡ್ ಅಂಗೈ ಅಗಲವೂ ಬೆಳೆಯದು, 1795ರಲ್ಲಿ ಬ್ಲಾಖ್ ವರ್ಣಿಸಿದ್ದು. ಅದರ ಮರಿಗಳು ತಂದೆತಾಯಿಯ ಮೈಯ ಲೋಳೆಯನ್ನು ಮೆಲ್ಲುತ್ತ ಬೆಳೆಯುತ್ತವೆ. ಮೀನಿನ ಲೋಕದಲ್ಲಿ ಮೊಲೆಹಾಲಿಗೆ ಹತ್ತಿರವಾದದ್ದು ಇದೇ ಇರಬೇಕು. ಮತ್ತೊಂದು ಎಟ್ರೋಪ್ಲಸ್ ಕನಾರೆನ್ಸಿಸ್, ಹೆಸರಿನಲ್ಲೇ ಕನ್ನಡ ಜಿಲ್ಲೆ. 1877ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿದ ಈ ಮೀನು ದಕ್ಷಿಣ ಕನ್ನಡದ ನದಿಗಳನ್ನು ಬಿಟ್ಟರೆ ಹೆಚ್ಚು ಕಡೆ ಇಲ್ಲ, ಅಳಿವಿನಂಚಿನ ಪಟ್ಟಿಯಲ್ಲಿದೆ. ಬಣ್ಣದ ಮೀನಿನ ವ್ಯಾಪಾರಕ್ಕೆ ಹೊಳೆಯಿಂದ ಹಿಡಿಯುವುದೂ ಅದಕ್ಕಿರುವ ಕುತ್ತುಗಳಲ್ಲಿ ಒಂದು. ಈ ನಮ್ಮ ಸಿಕ್ಲಿಡ್‌ಗಳಿಗೆ ಹತ್ತಿರದ ನೆಂಟರಿರುವುದು ಮಡಗಾಸ್ಕರಿನಲ್ಲಿ. ಭಾರತ, ಮಡಗಾಸ್ಕರ್, ಆಫ್ರಿಕ, ದಕ್ಷಿಣ ಅಮೆರಿಕ ಒಂದೇ ಗೊಂಡ್ವಾನ ಭೂಖಂಡವಾಗಿದ್ದ ಕಾಲಕ್ಕೆ ಈ ಬಳಗದ ಬೇರು ಹೋಗುತ್ತದೆಂದು ಕೆಲವು ವಿಜ್ಞಾನಿಗಳು, ಆಮೇಲೆ ಕಡಲು ದಾಟಿ ಹರಡಿದವೆಂದು ಕೆಲವರು ವಾದಿಸುತ್ತಾರೆ. ವಾದ ಮುಗಿದಿಲ್ಲ. ಕಮಲಾಪುರದ ಬಾವಿಯ ಗೋಡೆಯಲ್ಲಿ ಕಾಣುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಅದು ಹರಿಯುವಾಗ ಭಾರತ ಇನ್ನೂ ಏಷ್ಯ ಮುಟ್ಟದೆ ಕಡಲಿನಲ್ಲಿ ತೇಲುತ್ತಿದ್ದ ನೆಲ. ಆ ಬಾವಿಯ ಪಕ್ಕದ ತೊಟ್ಟಿಯಲ್ಲಿ ಅಮೆಜಾನಿನ ಮರಿಗಳು ಎಲೆಯ ಸಂದಿಯಲ್ಲಿ ನುಸುಳಿ ಆಡುತ್ತಿದ್ದವು.

ಜುಲೈ, ಆಗಸ್ಟ್ ಎರಡು ತಿಂಗಳು ಅಂಚೆ ನೌಕರರು ವಾರಕ್ಕೊಮ್ಮೆ ಕಮಲಾಪುರದ ಬಸ್ಸು ಹತ್ತಿದರು. ಆರ್ಟೀಮಿಯದ ಮೊಟ್ಟೆಯನ್ನು ಉಪ್ಪು ನೀರಿನಲ್ಲಿ ಒಡೆಸಿ ಮರಿಗಳಿಗೆ ಹಾಕುವುದನ್ನು ಭಾವಮೈದುನನ ಮಗಳು ಕಲಿತಳು. ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ಸೆಪ್ಟೆಂಬರಿನಲ್ಲಿ ಮರಿಗಳು ಅಂಗುಲ ಮುಟ್ಟಿದವು. ಜುಟ್ಟು ಬಿಟ್ಟವು ಕೆಲವು. ಉಳಿದವು ಬೂದು ಬಣ್ಣದಲ್ಲೇ ಇದ್ದವು. ಬೂದು ಬಣ್ಣವೆಂದರೆ ಹೆಣ್ಣೇ ಆಗಬೇಕೆಂದಿಲ್ಲ, ದೊಡ್ಡ ಗಂಡಿನ ಭಯಕ್ಕೆ ಜುಟ್ಟು ಅಡಗಿಸಿಕೊಂಡು ಹೆಣ್ಣಿನಂತೆ ತಿರುಗುವ ಚಿಕ್ಕ ಗಂಡುಗಳೂ ಉಂಟು. ಕಾಯಬೇಕಾಯಿತು. ಒಂದೇ ಸೂಲಿನ ಲೆಕ್ಕದಿಂದ ಸಿದ್ಧಾಂತ ಹೇಳುವುದಕ್ಕೂ ಬರುವುದಿಲ್ಲ.

ದೀಪಾವಳಿಗೆ ನಾಲ್ಕು ದಿನ ಇತ್ತು. ರಾತ್ರಿಯ ಚಳಿ ಶುರುವಾಗುವ ಮುಂಚೆ ಮರಿಗಳನ್ನು ಊರಿಗೆ ತರಬೇಕೆಂದು ಹಾಲಿನ ಕ್ಯಾನು ತೊಳೆದು ಬಿಸಿಲಿಗೆ ಇಟ್ಟಿದ್ದರು. ಬೆಳಿಗ್ಗೆ ಏಳಕ್ಕೆ ಕಮಲಾಪುರದಿಂದ ಫೋನು. ಮಾತಾಡಿದ್ದು ಆ ಹುಡುಗಿ. “ಮಾಮಾ, ನಿನ್ನಿ ನಾ ಒಂದು ಪಣತಿ ಬೋರಲು ಹಾಕಿದ್ನಿ ನೋಡ್ರಿ. ಅದರ ಬಾಗಲದಾಗ ಒಂದು ಮೀನ ನಿಂತು ಯಾರಿಗೂ ಹತ್ರ ಬರಗೊಡವಲ್ದು. ಪೂರಾ ಹಳದಿ ಆಗ್ಯಾದ.”

ಅಂಚೆ ನೌಕರರು ಎಂಟು ಗಂಟೆಯ ಬಸ್ಸಿಗೆ ಹೊರಟರು. ಕ್ಯಾನು ಬಿಸಿಲಲ್ಲೇ ಉಳಿಯಿತು.